ಸಾಮಿಯಾಳ ಮಾತ್ರೆ

ರುದ್ರಾಣಿ,

ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ. ಆದರೂ ಇವತ್ತಿನ ಸಂಗತಿಯನ್ನು ನಿನಗೇ ಹೇಳಬೇಕು.

ಕಂಪನಿ ನಾಟಕದಲ್ಲಿ ಕೊನೆಯ ಬೆಂಚನ್ನೂ ನಡುಗಿಸುತ್ತಿದ್ದ ಈ ಗಂಟಲು ಈಗ ಆಸ್ಪತ್ರೆಯ ಫೋನಿನಲ್ಲಿ ಗುಡುಗುತ್ತಿದೆ. ಹುಟ್ಟಿದ ವಾರವೇ ಹಿಮ್ಮಡಿಯ ರಕ್ತ ಪರೀಕ್ಷಿಸಿ ಥೈರಾಯ್ಡ್ ಕೊರತೆ ಪತ್ತೆಹಚ್ಚಿದ ಮಕ್ಕಳಿಗೆ ವರ್ಷಗಟ್ಟಲೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಶಮೀಮ್ ಎಂಬ ತಾಯಿ ಮೂರು ದಿನದಿಂದ ಫೋನ್ ಎತ್ತಿರಲಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿರುವ ಅವರ ಮನೆಗೇ ಪ್ರವೇಶ ಮಾಡಿದೆ. ಎರಡು ವರ್ಷದ ಸಾಮಿಯಾ ನನ್ನ ಮೀಸೆ ಹಿಡಿದು ಬಾಯಿ ತುಂಬ ಹರಟಿದಳು.

"ಮಾತ್ರೆ ನಿಲ್ಸಿ ಹದಿನೈದು ದಿನ ಆಯ್ತು ಸಾರ್," ಎಂದರು ಶಮೀಮ್. "ಇಷ್ಟು ಮಾತಾಡ್ತಾಳೆ, ಕಾಯಿಲೆ ಎಲ್ಲೈತೆ ಅಂದ್ರು ನಮ್ಮತ್ತೆ."

"ಆ ಮಾತು ಬಂದಿದ್ದೇ ಮಾತ್ರೆಯಿಂದ, ತಾಯೀ," ಎಂದು ಘರ್ಜಿಸಿದೆ.

"ಮೆಲ್ಲಗೆ ಹೇಳ್ರೀ, ನಾನೇನು ಕಿವುಡಿ ಅಲ್ಲ," ಎನ್ನುತ್ತ ಅತ್ತೆ ಒಳಗಿನಿಂದ ಬಂದರು. "ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ನಾನೇ ಕರ್ಕೊಂಡ್ ಬರ್ತೀನಿ."

ಹೊರಡುವಾಗ ಶಮೀಮ್ ಕೇಳಿದರು, "ನಿಮ್ಗೆ ಮಕ್ಕಳೆಷ್ಟು ಸಾರ್?"

ಒಬ್ಬ ಮಗ, ತಾಯಿಯ ಜೊತೆ ಗದಗಿನಲ್ಲಿದ್ದಾನೆ ಎಂದೆ. ಎರಡು ತುಂಬಿದರೂ ಅವನು ತೊದಲದಿದ್ದಾಗ ಡಾಕ್ಟರಿಗೆ ತೋರಿಸೋಣವೆಂದು ನೀನು ಅಂಗಲಾಚಿದ್ದನ್ನು ಹೇಳಲಿಲ್ಲ. "ನನ್ನ ಮಗ ಅದಾನ, ಬಾಯಿ ತೆರೆದ ದಿನ ಥೇಟರ್ ನಡಗತೈತಿ ನೋಡು," ಎಂದು ನಾನು ನಕ್ಕಿದ್ದನ್ನೂ ಹೇಳಲಿಲ್ಲ. ಪರೀಕ್ಷೆ ಮಾಡಿಸಿ, ಅವನಿಗೂ ಇದೇ ಥೈರಾಯ್ಡ್ ಕೊರತೆ ಎಂದು ತಿಳಿಯುವಷ್ಟರಲ್ಲಿ ಮತ್ತೆರಡು ವರ್ಷ ಕಳೆದಿತ್ತು.

ಸಂಜುವಿಗೆ ಈಗ ಹದಿನಾಲ್ಕು. ಅವನು ನಿನ್ನನ್ನು ಏನೆಂದು ಕರೆಯುತ್ತಾನೆ?