ದವಡೆಯ ರಿಹರ್ಸಲ್

ಮೇ ೪, ಸಾಗರ

…ಅಲ್ಲದೆ ನನ್ನ ಹಲ್ಲಿಲ್ಲದ ಬಾಯಿಗೂ ಡಿಮ್ಯಾಂಡ್ ಬರುತ್ತದೆಂದು ನಿನ್ನೆಯವರೆಗೆ ಗೊತ್ತಿರಲಿಲ್ಲ. ಮಗಳು ಪ್ರತಿಮಾ ಹಲ್ಲಿನ ಡಾಕ್ಟರು. ಈಗ ಹಲ್ಲಿನ ಸೆಟ್ ಕಟ್ಟುವುದರಲ್ಲೇ ಎಂಡಿಎಸ್, ಕೊನೆಯ ವರ್ಷ. ಪ್ರಾಕ್ಟಿಕಲ್ಲಿಗೆ ಪೇಷಂಟನ್ನು ತಾವೇ ಕರೆತರಬೇಕಂತೆ. ಎಂಟ್ರೆನ್ಸಿನಲ್ಲಿ ರ‍್ಯಾಂಕ್ ತೆಗೆದವಳು. ಪರೀಕ್ಷೆಯ ಕಂಪ್ಯೂಟರ್ ಮುಂದೆ ಹೆದರಿದವಳಲ್ಲ. ಪೇಷಂಟಿನ ಬಾಯಿಯ ಮುಂದೆ ಕೈ ಓಡುವುದಿಲ್ಲವಂತೆ.

"ನೀನೇ ಬಾ ಅಪ್ಪಯ್ಯ. ಆದ್ರೆ ಅಪ್ಪ ಅಂತ ಅಲ್ಲಿ ಗೊತ್ತಾಗ್ಬಾರ್ದು, ಡಾಕ್ಟ್ರೇ ಅನ್ಬೇಕು. ಮಗಾ ಅಂದ್ಗಿಂದೀಯ ಮತ್ತೆ!"

ಐ ಶಲ್ ಕೋಆಪರೇಟ್ ಎಂದೆ. ನಕ್ಕಳು. ಹೆಂಡತಿ ಕುಮುದಾ ತೀರಿಕೊಂಡ ಮೇಲೆ ಮಗಳು ನಕ್ಕದ್ದೇ ಕಡಿಮೆ.

ಮೇ ೯

ಹಲ್ಲಿನ ಅಳತೆಗೆ ಮೇಣದ ಪಟ್ಟಿ ಇಟ್ಟು ಕಚ್ಚಿಸುತ್ತಾರಂತೆ. ಪ್ರತಿ ಸಲವೂ ಒಂದೇ ಜಾಗಕ್ಕೆ ಬೀಳಬೇಕು. ಕನ್ನಡಿಯ ಮುಂದೆ ರಿಹರ್ಸಲ್ ಶುರು — ಗದ್ದ ಮುಂದೆ ತಂದರೆ ದವಡೆ ಒಂದೇ ಜಾಗಕ್ಕೆ ಗಟ್ಟಿಯಾಗಿ ಕೂರುತ್ತದೆ. ಹೊಸನಗರದಿಂದ ತಂಗಿ ಕೆರಿಯಮ್ಮ ಬಂದಿದ್ದಾಳೆ.

"ಎಂತದಣ್ಣ, ಎಮ್ಮೆ ಮೆಲುಕು ಹಾಕ್ದಂಗೆ! ಹೆಣ್ಣು ನೋಡೋಕೆ ಹೊರಟ್ಯಾ?"

ಅವಳಿಗೇನು ಗೊತ್ತು.

ಮೇ ೨೨, ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್

ಮಗಳ ಕಾಲೇಜಿನಲ್ಲಿ ಪರೀಕ್ಷೆ ಮುಗಿಸಿ ಕರಾವಳಿಯಿಂದ ಘಟ್ಟ ಹತ್ತಿ ಬಂದೆ. ಸಾಗರದ ಬಸ್ಸಿಲ್ಲ ಇನ್ನೂ. ಬರೆಯದೆ ತಡೆಯಲಾರೆ.

ಮೊನ್ನೆ ಅವಳು "ಕಚ್ಚಿ" ಎಂದಾಗಲೆಲ್ಲ ಕಲಿತಂತೆಯೇ ಕಚ್ಚಿದೆ. ಒಂದೇ ಜಾಗ! ಅವಳ ಮುಖ ಅರಳಿತು. ಆ ಅಳತೆಗೇ ಹಲ್ಲು ಜೋಡಿಸಿದಳು. ನಿನ್ನೆ ಪರೀಕ್ಷಕರು ಅದನ್ನು ಬಾಯಿಗಿಟ್ಟು, "ಯಜಮಾನ್ರೇ, ಎಂಜಲು ನುಂಗಿ ಹಾಗೇ ಬಾಯಿ ಮುಚ್ಚಿ" ಎಂದರು. ನುಂಗಿದೆ. ದವಡೆ ತಾನಾಗಿ ಹಿಂದೆ ಸರಿಯಿತು. ಕೆಳಗಿನ ಹಲ್ಲು ಮೇಲಿನದಕ್ಕೆ ಸಿಗಲೇ ಇಲ್ಲ.

"ರ‍್ಯಾಂಕ್ ನೋಡಿ ಸೀಟು ಕೊಡ್ತೀವಿ. ಕೈ ನೋಡೋದು ಕಟ್ಟಕಡೆಗೆ." ಪಕ್ಕದವರಿಗೆ ಹೇಳಿದ್ದು. ಅವಳಿಗೂ ಕೇಳಿಸಿತು.

ಬಾಯಲ್ಲಿ ಅವಳು ಕಟ್ಟಿದ ಹಲ್ಲು, ಮಾತಾಡಲಾಗಲಿಲ್ಲ. ತೆಗೆದ ಮೇಲೂ ಆಡಲಿಲ್ಲ. ಮನೆಯಲ್ಲಿ ಕಲಿತು ಬಂದೆ ಎಂದರೆ ಅಪ್ಪನೆಂದು ತಿಳಿದೀತು…

ಜೂನ್ ೩೦, ಸಾಗರ

ಮಗಳ ಫೋನು. ಫೇಲ್.

"ರ‍್ಯಾಂಕ್ ಬಂದು ಎಂತ ಆಯ್ತು ಅಪ್ಪಯ್ಯ. ನನ್ನ ಕೈಯೇ ಇದಕ್ಕಲ್ಲ. ಡಿಸೆಂಬರಿಗೆ ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ. ನೀನೇ ಬರ್ತೀಯಲ್ಲ?"

ತಪ್ಪು ನಿನ್ನ ಕೈಯದ್ದಲ್ಲ, ನನ್ನ ದವಡೆಯದ್ದು ಎನ್ನಬೇಕಿತ್ತು.

"ಹ್ಞೂಂ ಡಾಕ್ಟ್ರೇ" ಎಂದೆ.

ಜುಲೈ ೨, ಸಂಜೆ

ಕನ್ನಡಿಯನ್ನು ಕಿಟಕಿಗೆ ತಂದಿಟ್ಟಿದ್ದೇನೆ. ಎಂಜಲು ನುಂಗಿದರೆ ಸರಿ ಕೂರುತ್ತದೆ. ಕಚ್ಚಬೇಕು ಎಂದುಕೊಂಡ ಕೂಡಲೇ ಗದ್ದ ಮುಂದೆ. ಮತ್ತೆ ಮುಂದೆ. ಬೇರೆ ಬಾಯಿ ಹುಡುಕಿಕೋ ಮಗಾ ಎಂದು ಇವತ್ತೇ ಫೋನಿನಲ್ಲಿ ಹೇಳಬೇಕು, ಯಾಕೆಂದೂ ಹೇಳಬೇಕು. ಇನ್ನೊಂದು ಸಲ ಕಚ್ಚಿ ನೋಡಿ ಫೋನ್ ಮಾಡುತ್ತೇನೆ. ಗದ್ದ ಎಲ್ಲಿದೆಯೋ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ—