ಅಕ್ಟೋಬರಿನಲ್ಲೇ ಬದಲಾದ ಖಾತೆ

ಸಕಲವನ್ನೂ ಬಲ್ಲ ಕರ್ತನಿಗೆ ವಂದನೆ. ಪವಿತ್ರ ಗುರುವಾರ, ಏಪ್ರಿಲ್ ಎರಡು.

ಪ್ರಿಯ ಡೆಲ್ಮರ್, ನೀವು ತೀರಿಕೊಂಡ ಮೇಲೆ ನಮ್ಮಿಬ್ಬರ ಕಳೆದ ವರ್ಷದ ತೆರಿಗೆ ಪತ್ರವನ್ನು ತುಂಬಲು ಇಂದು ಚರ್ಚಿನ ನೆಲಮಾಳಿಗೆಗೆ ಹೋಗಿದ್ದೆ. ನೀವು ನಿಮ್ಮ ನಿವೃತ್ತಿ ಖಾತೆಯನ್ನೆಲ್ಲ ಅಕ್ಟೋಬರಿನಲ್ಲೇ ರಾಥ್ ಖಾತೆಗೆ, ಅಂದರೆ ತೆರಿಗೆಯನ್ನು ಮೊದಲೇ ಕಟ್ಟಿ ಮುಂದೆ ಹಣ ತೆಗೆಯುವಾಗ ಕಟ್ಟಬೇಕಿಲ್ಲದ ಖಾತೆಗೆ, ಬದಲಾಯಿಸಿದ್ದನ್ನು ಅಲ್ಲಿ ತೆರಿಗೆ ಬರೆದುಕೊಡುವ ಲೋರ್ನಾ ನಮೂನೆಯಲ್ಲಿ ತೋರಿಸಿದಳು.

“ಒಂದೇ ವರ್ಷ ಇಷ್ಟು ತೆರಿಗೆ ಕಟ್ತೀರಲ್ಲ, ತಲೆ ಕೆಟ್ಟಿದ್ಯಾ ಅಂತ ಆಗ್ಲೇ ಅಂಕಲ್‌ಗೆ ಬೈದೆ, ಆಂಟಿ. ‘ಜೋಡಿಗೆ ತೆರಿಗೆ ಕಮ್ಮಿ ಕಣಮ್ಮ, ಅವಳೊಬ್ಬಳೇ ಆದ್ರೆ ಜಾಸ್ತಿ ಕಿತ್ಕೋತಾರೆ. ಡಾಕ್ಟ್ರು ನನಗೆ ವಸಂತದವರೆಗೂ ಗಡುವು ಕೊಟ್ಟಿಲ್ಲ’ ಅಂದ್ರು. ನಿಮಗೂ ಗೊತ್ತು ಅನ್ಕೊಂಡಿದ್ದೆ.”

ಕಾಯಿಲೆಯ ವಿಷಯವನ್ನು ನೀವು ನನಗೆ ತಿಳಿಸಿದ್ದು ಕ್ರಿಸ್ಮಸ್ ಕಳೆದ ಮೇಲೆ. ನವೆಂಬರಿನಲ್ಲಿ ನಾನು ಮೂರು ವಾರ ತಂಗಿಯ ಮನೆಯಲ್ಲಿದ್ದೆ. ಇನ್ನೊಂದು ವಾರ ಇದ್ದು ಬಾ ಎಂದವರು ನೀವೇ.

ಮೌನವಾಗಿದ್ದ ನಿಮಗೂ, ಅರಿಯದೆ ನುಡಿದ ಲೋರ್ನಾಳಿಗೂ, ಏನನ್ನೂ ಕೇಳದೆ ಹೋದ ನನಗೂ ಕರ್ತನು ಶಾಂತಿಯನ್ನು ಅನುಗ್ರಹಿಸಲಿ.