ಮೇಸ್ತ್ರಿಗೆ ಬುದ್ಧಿ ಬಂದಿಲ್ಲ

ಮನೆಯಿಂದ,
ಮಾರ್ಚ್ ೯, ಸೋಮವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಅಲ್ಲಿ ಲಿಫ್ಟ್ ಕೆಟ್ಟು ಮೂರು ಮಹಡಿ ಹತ್ತಿ ಇಳಿಯುತ್ತಿದ್ದೀರಂತೆ. ಊರಿನವರ ಲಿಫ್ಟನ್ನೆಲ್ಲ ರಿಪೇರಿ ಮಾಡುವವರನ್ನು ಹೆತ್ತವರಿಗೆ ಮೆಟ್ಟಿಲೇ ಗತಿಯಾಯಿತಲ್ಲ ಎಂದು ನಿಮ್ಮ ಮಗನನ್ನು ಛೇಡಿಸಿದೆ. ನಾದಿನಿಯ ಕಾಲಿನ ಪ್ಲಾಸ್ಟರ್ ಬುಧವಾರ ತೆಗೆಯುತ್ತಾರೆ ಎಂದು ಕೇಳಿ ಸಮಾಧಾನವಾಯಿತು. ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ. ಐದು ತಿಂಗಳು ತುಂಬಿತು, ತೂಕ ಆರೂವರೆ ಕಿಲೋ. ಬೋರಲು ಬೀಳುವುದು ಕಲಿತಿದ್ದಾಳೆ, ಹಿಂದಕ್ಕೆ ಹೊರಳುವುದು ಇನ್ನೂ ಗೊತ್ತಿಲ್ಲ. ಸಿಕ್ಕಿಹಾಕಿಕೊಂಡ ತಕ್ಷಣ ತಪ್ಪು ನಮ್ಮದೇ ಎನ್ನುವ ಹಾಗೆ ತಲೆಯೆತ್ತಿ ಬೈಯುತ್ತಾಳೆ. ಈಗ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಮುಗಿಸಬೇಕು.

ಅತ್ತೆ, ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೊಳ್ಳಿ. ಮೇಸ್ತ್ರಿ ಉಳಿಯುವುದಿಲ್ಲ. ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ಇದನ್ನು ನಿಮಗೆ ತಿಳಿಸಬಾರದು ಎಂದು ನಿಮ್ಮ ಮಗ ಮತ್ತು ಮಗಳು ನಿನ್ನೆ ಫೋನಿನಲ್ಲೇ ತೀರ್ಮಾನಿಸಿದ್ದಾರೆ. "ಅಮ್ಮಂಗೆ ಬಿಪಿ ಇದೆ. ವಾಪಸ್ ಬಂದ್ಮೇಲೆ ಮೆಲ್ಲಗೆ ಹೇಳೋಣ, ಅಷ್ಟ್ರಲ್ಲಿ ಎಲ್ಲ ಮುಗಿದಿರತ್ತೆ." ನನಗೆ ಹೇಳಿದರು, ನನ್ನನ್ನು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನಾನು ಒಪ್ಪಿದೆ ಎನ್ನಲಾಗದು. ಫೋನ್ ಮಾಡಿದರೆ ನಾದಿನಿಯೇ ಎತ್ತಿ ಸ್ಪೀಕರ್ ಹಾಕುತ್ತಾಳೆ, ಅದಕ್ಕೇ ಕೊರಿಯರ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಮ್ಮ ಮನೆಯ ಬೆಕ್ಕು ಮೇಸ್ತ್ರಿ ಆ ಚಾಳಿ ಬಿಟ್ಟಿದೆ, ಮನುಷ್ಯರು ಹಿಡಿದಿದ್ದಾರೆ.

ನೀವು ಹೊರಟ ದಿನದಿಂದ ಹೇಳುತ್ತೇನೆ. ಬಾಗಿಲಲ್ಲಿ ಚೀಲ ಹಿಡಿದು ನಿಂತು "ಮೇಸ್ತ್ರೀ, ಅಂಗಡಿ ನೋಡ್ಕೋ" ಎಂದಿರಿ. ಅದು ನಿಮ್ಮ ಹೊಲಿಗೆ ಯಂತ್ರದ ಹಲಗೆಯ ಮೇಲೆ, ಕತ್ತರಿಸಿಟ್ಟ ಬಟ್ಟೆಗೆ ಒಂದು ಕಾಲು ಊರಿ, ನಿಮಗೆ ರಜೆ ಮಂಜೂರು ಮಾಡಿದವರ ಹಾಗೆ ನೋಡುತ್ತಿತ್ತು. ಹದಿಮೂರು ವರ್ಷದ ಗತ್ತು ಅದು. ಮುಟ್ಟಿದರೆ ಕಚ್ಚು, ಎತ್ತಿದರೆ ಪರಚು, ಅಳತೆ ಕೊಡಲು ಬಂದವರ ಕಾಲಿನ ಸುತ್ತ ತನಿಖೆ. ನಾನು ಮದುವೆಯಾಗಿ ಬಂದ ವಾರವೇ ಮುಂಗೈ ಮೇಲೆ ಮೂರು ಗೀರು ಎಳೆದಾಗ ನೀವು ಟಿಂಚರ್ ಹಚ್ಚುತ್ತಾ "ಹಾಜರಿ ಹಾಕ್ಕೊಂಡಿದೆ ಬಿಡು, ಇನ್ನು ನೀನು ಕೆಲಸಕ್ಕೆ ಸೇರ್ದಂಗೆ" ಎಂದು ನಕ್ಕಿದ್ದಿರಿ.

ನೀವು ಹೋದ ಎರಡನೇ ವಾರಕ್ಕೆ ಮೇಸ್ತ್ರಿ ಬದಲಾಯಿತು. ಯಂತ್ರದ ಮೇಲೆ ಹಾರುವುದು ಬಿಟ್ಟಿತು. ಬಾಗಿಲ ಗಂಟೆಗೆ ಓಡಿಬಂದು ಬುಸುಗುಟ್ಟುತ್ತಿದ್ದದ್ದು ಕಣ್ಣನ್ನೂ ತೆರೆಯದಾಯಿತು. ನಿಮ್ಮ ಮಗ ಕೆಲಸದಿಂದ ಬಂದು ಕೂತರೆ ತಾನಾಗಿ ತೊಡೆಯೇರಿ ಮಲಗಿ ಗುರುಗುಡುತ್ತಿತ್ತು. ಎತ್ತಿದರೂ ಸುಮ್ಮನೆ, ಹೊಟ್ಟೆ ಮುಟ್ಟಿದರೂ ಸುಮ್ಮನೆ. ನಮಗೆಲ್ಲ ಖುಷಿಯೋ ಖುಷಿ. "ನೋಡೇ, ಹದಿಮೂರು ವರ್ಷ ಆದ್ಮೇಲೆ ಬೆಕ್ಕಾಯ್ತು ಇದು" ಎಂದು ಫೋಟೊ ತೆಗೆದು ನಿಮಗೂ ಕಳಿಸಿದರು. ಅದನ್ನು ನೋಡಿ ನೀವು ಫೋನಿನಲ್ಲಿ ಹೇಳಿದ್ದು ನೆನಪಿದೆಯೇ? "ಕಾಲ ಬಂದ್ರೆ ಎಲ್ರಿಗೂ ಬುದ್ಧಿ ಬರತ್ತೆ. ಮಗು ಆದ್ಮೇಲೆ ನಿಂಗೂ ಬಂತಲ್ಲ, ಈಗೆಷ್ಟು ತಣ್ಣಗಿದೀಯ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಮಗುವಿನ ಹಾಲು, ಒದ್ದೆ, ನಿದ್ದೆ ಎಂದು ನಾನು ಗೆರೆ ಎಳೆದು ಬರೆಯುವ ಪುಸ್ತಕ ನಿಮಗೆ ಗೊತ್ತು, "ಪರೀಕ್ಷೆ ಮುಗಿದು ಎಷ್ಟು ವರ್ಷ ಆಯ್ತು, ಇನ್ನೂ ನೋಟ್ಸ್ ಬರಿತೀಯಲ್ಲ" ಎಂದು ನೀವೇ ತಮಾಷೆ ಮಾಡುತ್ತಿದ್ದಿರಿ. ನೀವು ಹೋದ ಮೇಲೆ ಅದರಲ್ಲಿ ಇನ್ನೊಂದು ಗೆರೆ ಎಳೆದು ಹೊಸ ಕಾಲಮ್ಮು ಮಾಡಿದೆ. ಅದು ಮೇಸ್ತ್ರಿಯದು. ಪ್ರೀತಿಯಿಂದಲ್ಲ. ಅದು ತೊಟ್ಟಿಲ ಕೆಳಗೆ ಬಂದು ಮಲಗಲು ಶುರುಮಾಡಿತ್ತು, ನನಗೆ ಭಯ. ಮಗುವಿನ ಮುಖದ ಮೇಲೆ ಹತ್ತಿದರೆ? ಉಸಿರು ಕಟ್ಟಿದರೆ? ದಿನ, ಗಂಟೆ ಸಮೇತ ಬರೆದಿಟ್ಟು, ನೀವು ಬಂದ ತಕ್ಷಣ ಮುಂದಿಟ್ಟು, ಇದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ವಾದಿಸುವುದು ನನ್ನ ಲೆಕ್ಕಾಚಾರ. ದೋಷಾರೋಪ ಪಟ್ಟಿ ಎಂದೇ ತಿಳಿಯಿರಿ. ಬಚ್ಚಲ ಬಕೆಟ್ಟಿಗೆ ಬಾಯಿ ಹಾಕಿತು. ಮತ್ತೆ ಹಾಕಿತು. ನಲ್ಲಿ ನೆಕ್ಕಿತು. ಮೈ ನೆಕ್ಕಿಕೊಂಡಿಲ್ಲ, ಬೆನ್ನ ಮೇಲೆ ಕೂದಲು ಗಂಟು. ತಟ್ಟೆ ಮೂಸಿ ಬಿಟ್ಟು ಹೋಯಿತು. ಮಣ್ಣಿನ ಟ್ರೇ ಬಿಟ್ಟು ಬಾಗಿಲ ಮ್ಯಾಟಿನ ಮೇಲೆ ಒದ್ದೆ ಮಾಡಿತು. ಬೀರುವಿನ ಹಿಂದೆ ಮೂರು ಗಂಟೆ. ಇದನ್ನೆಲ್ಲ ನನ್ನ ಕೈಯಾರೆ ಬರೆದೆ, ಓದಿಕೊಳ್ಳಲಿಲ್ಲ. ಶನಿವಾರ ಬೆಳಿಗ್ಗೆ ಪುಟ ತಿರುಗಿಸುವಾಗ ಕಣ್ಣಿಗೆ ಬಿತ್ತು. ಇದೇ ಪಟ್ಟಿ ಪಕ್ಕದ ಕಾಲಮ್ಮಿನಲ್ಲಿ, ಮಗುವಿನ ಹೆಸರಿನಡಿ ಇದ್ದಿದ್ದರೆ ನಾನು ಮೊದಲ ದಿನವೇ ಆಸ್ಪತ್ರೆಗೆ ಓಡುತ್ತಿದ್ದೆ.

ಮಗುವನ್ನು ಎದೆಗೆ ಕಟ್ಟಿಕೊಂಡು, ಮೇಸ್ತ್ರಿಯನ್ನು ಬಟ್ಟೆಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆ. ಬುಟ್ಟಿಯೊಳಗೆ ಹಾಕುವಾಗ ಕಚ್ಚಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಪ್ರಾಣಿಗಳ ಡಾಕ್ಟರಮ್ಮ ರಕ್ತ ತೆಗೆದರು, ಹೊಟ್ಟೆ ಒತ್ತಿ ನೋಡಿದರು, ಬಾಯಿ ಮೂಸಿದರು. ನನ್ನ ಪುಸ್ತಕ ಕೈಗೆ ತೆಗೆದುಕೊಂಡು "ಇಷ್ಟು ಚೆನ್ನಾಗಿ ಯಾರೂ ಬರ್ಕೊಂಡು ಬರಲ್ಲಮ್ಮ" ಎಂದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ನಮ್ಮ ಜೊತೆ ಇಷ್ಟು ಒಳ್ಳೆಯದಾಯಿತಲ್ಲ, ತೊಡೆಯ ಮೇಲೆ ಗುರುಗುಡುತ್ತಿತ್ತಲ್ಲ ಎಂದದ್ದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬೆಕ್ಕು ನೋವಾಯ್ತು ಅಂತ ಹೇಳ್ಕೊಳ್ಳಲ್ಲ. ಸ್ವಭಾವ ಬದಲಾಯ್ತಾ, ಅದೇ ಹೇಳ್ಕೊಂಡಂಗೆ. ಗುರುಗುಡೋದು ಖುಷಿಗೆ ಮಾತ್ರ ಅಲ್ಲ, ಸಂಕಟಕ್ಕೂ ಗುರುಗುಡತ್ತೆ. ಜೋರಾಗಿದ್ದ ಬೆಕ್ಕು ಸಾಧು ಆದ್ರೆ ಮೊದಲು ಇಲ್ಲಿಗೆ ತರಬೇಕು." ನಾವೆಲ್ಲ ಅದರ ಸಂಕಟಕ್ಕೆ ಚಪ್ಪಾಳೆ ತಟ್ಟಿದ್ದೆವು, ಅತ್ತೆ.

ಚರ್ಮದಡಿ ನೀರು ಏರಿಸಿದ್ದಾರೆ, ದಿನ ಬಿಟ್ಟು ದಿನ ಏರಿಸಬೇಕು. ವಾಸಿಯಾಗಲು ಅಲ್ಲ, ನೆಮ್ಮದಿಗೆ. ವಾರದ ಮೇಲೆ ಎಳೆಯುವುದು ಬೇಡ, ಅದರೊಳಗೇ ನೀರು ಕುಡಿಯುವುದು ನಿಲ್ಲಿಸಿದರೆ ಒಂದು ಗಂಟೆಯೂ ತಡ ಮಾಡಬೇಡಿ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ ಎಂದರು. ನಿಮ್ಮ ಮಗ ಇವತ್ತೇ ಮುಗಿಸೋಣ ಎನ್ನುತ್ತಾರೆ. ಅವರನ್ನು ಕಲ್ಲು ಎಂದುಕೊಳ್ಳಬೇಡಿ. ನಿನ್ನೆ ಬಚ್ಚಲಲ್ಲಿ ನಲ್ಲಿ ಪೂರ್ತಿ ತಿರುಗಿಸಿ ಅತ್ತಿದ್ದಾರೆ, ಬಕೆಟ್ ತುಂಬಿ ಹರಿದರೂ ನಲ್ಲಿ ನಿಲ್ಲಿಸಲಿಲ್ಲ. ಆದರೆ ನಾನು ಬಿಡಲಿಲ್ಲ. ಅದರ ಮಾಲೀಕರು ಬರುವವರೆಗೆ ಯಾರೂ ಬುಟ್ಟಿ ಮುಟ್ಟುವ ಹಾಗಿಲ್ಲ ಎಂದೆ. ನಿಮ್ಮ ಬಿಪಿಗೆ ಮಾತ್ರೆ ಇದೆ. ಖಾಲಿ ಯಂತ್ರದ ಮುಂದೆ ಕೂತು "ನನಗ್ಯಾಕೆ ಹೇಳಲಿಲ್ಲ" ಎಂದು ನೀವು ಕೇಳಿದರೆ ಅದಕ್ಕೆ ಯಾವ ಮಾತ್ರೆ ಕೊಡುತ್ತಾರಂತೆ? ಡಾಕ್ಟರಮ್ಮ ಶುಕ್ರವಾರ ನಾಲ್ಕು ಗಂಟೆಗೆ ಮನೆಗೇ ಬರುತ್ತಾರೆ. ಅಲ್ಲಿಯವರೆಗೆ ಕಾಯಬಹುದು, ಈಗ ನೋವಿಗೆ ಔಷಧ ಇದೆ ಎಂದಿದ್ದಾರೆ. ಪ್ಲಾಸ್ಟರ್ ಬುಧವಾರ ತೆಗೆಯುತ್ತಾರೆ. ನೀವು ಗುರುವಾರದ ಬಸ್ಸಿಗೆ ಹೊರಡಿ. ಯಾರು ಏನೇ ಹೇಳಲಿ, ಹೊರಡಿ. ಅದಕ್ಕೂ ಮೊದಲೇ ಅದು ನೀರು ಬಿಟ್ಟರೆ ನಾನು ಕಾಯಿಸುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಆಗ ನೀವು ಬೈದರೆ ಬೈಸಿಕೊಳ್ಳುತ್ತೇನೆ.

ನಿನ್ನೆ ಮಧ್ಯಾಹ್ನ ಒಂದು ಕೆಲಸ ಮಾಡಿದೆ. ನಿಮ್ಮ ಯಂತ್ರದ ಮುಸುಕು ತೆಗೆದು, ಮಗುವಿನ ಹಳೆಯ ಬಟ್ಟೆಗೆ ಅಂಚು ಹೊಲಿಯಲು ಕೂತೆ. ಪೆಡಲ್ ತುಳಿದದ್ದೇ ತಡ, ಬೀರುವಿನ ಹಿಂದಿನಿಂದ ಸದ್ದಾಯಿತು. ಮೇಸ್ತ್ರಿ ಗೋಡೆಗೆ ಒರಗಿಕೊಂಡು, ನಿಂತು ನಿಂತು, ಬಂತು. ಪೆಡಲಿನ ಪಕ್ಕ ಗದ್ದ ಇಟ್ಟಿತು. ನನ್ನ ಕಾಲನ್ನು ನೋಡಿತು. ಮುಖವನ್ನು ನೋಡಿತು. ಆಮೇಲೆ ಆ ಹಳೆಯ ತಿರಸ್ಕಾರದಿಂದ ತಲೆ ತಿರುಗಿಸಿ, ಬಂದ ದಾರಿಯಲ್ಲೇ ಹೋಯಿತು. ನನ್ನ ಹೊಲಿಗೆ ಹಾವು ಹರಿದ ಹಾಗಿದೆ, ಅದಕ್ಕಿರಬಹುದು ಎಂದು ನಕ್ಕೆ, ಅಳುವೂ ಬಂತು. ಅದಕ್ಕೆ ನಿಮ್ಮ ಕಾಲು ಬೇಕು. ಬಂದು ಒಂದು ಸಲ ತುಳಿಯಿರಿ, ದಾರ ಇಲ್ಲದಿದ್ದರೂ ಪರವಾಗಿಲ್ಲ.

ಮಗು ಮಗ್ಗುಲಾಗುತ್ತಿದ್ದಾಳೆ, ನಿಲ್ಲಿಸುತ್ತೇನೆ. ನಾದಿನಿಗೆ ನನ್ನ ಪ್ರೀತಿ. ಕೋಪ ಬಂದರೆ ನನ್ನ ಮೇಲೆಯೇ ಮಾಡಿಕೊಳ್ಳಲಿ, ಅಣ್ಣನ ಮೇಲೆ ಬೇಡ. ದಾರಿಗೆ ಮಾತ್ರೆ ಮರೆಯಬೇಡಿ, ಕಿಟಕಿ ಪಕ್ಕದ ಸೀಟು ಕೇಳಿ. ಮೊಮ್ಮಗಳನ್ನು ಅಲ್ಲಿಂದಲೇ ಹರಸಿ, ನನ್ನನ್ನೂ.

ನಿಮ್ಮ
ಸೊಸೆ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಒಂದು ವಿಷಯ ಬಿಟ್ಟಿದ್ದೆ. ಡಾಕ್ಟರಮ್ಮ ಪುಸ್ತಕ ವಾಪಸು ಕೊಡುವಾಗ ಬೆರಳಿಟ್ಟು ಕೇಳಿದರು: "ರಾತ್ರಿ ಹನ್ನೆರಡೂವರೆ, ಒಂದೂ ಮುಕ್ಕಾಲು, ಮೂರು, ನಾಲ್ಕೂ ಹತ್ತು. ಬೆಕ್ಕು ಏನ್ ಮಾಡ್ತು ಅಂತ ಬರ್ದಿದೀರ. ಪಕ್ಕದಲ್ಲಿ ಮಗು ನಿದ್ದೆ ಅಂತಿದೆ. ಮತ್ತೆ ನೀವ್ಯಾಕಮ್ಮ ಎದ್ದಿದ್ರಿ?" ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ ಅತ್ತೆ, ಬಹಳ ದಿನವಾಯಿತು. ಊಟ ಸೇರುವುದಿಲ್ಲ. ನಿಮ್ಮ ಮಗನ ಜೊತೆ ಜಗಳವಾಡಿ ಮೂರು ತಿಂಗಳಾಗಿತ್ತು. ನನಗೂ ಬುದ್ಧಿ ಬಂದದ್ದಲ್ಲ. ಬುಧವಾರ ಹನ್ನೊಂದಕ್ಕೆ ನನ್ನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಅದೇ ಪುಸ್ತಕ ಹಿಡಿದುಕೊಂಡು. ರಜೆ ಹಾಕಿ ಮಗು ನೋಡಿಕೊಳ್ಳಿ ಎಂದರೆ ಇವರು "ನಿಂಗೇನಾಗಿದೆ, ಚೆನ್ನಾಗೇ ಇದೀಯಲ್ಲ" ಎಂದರು. ಇವತ್ತು ಬೆಳಿಗ್ಗೆ ಮೂರು ತಿಂಗಳ ಬಾಕಿ ಜಗಳವನ್ನೆಲ್ಲ ಒಟ್ಟಿಗೇ ಆಡಿ ಮುಗಿಸಿದೆ. ಪಕ್ಕದ ಮನೆಗೂ ಕೇಳಿಸಿರಬೇಕು. ಕೇಳಿಸಲಿ. ರಜೆ ಹಾಕಿದ್ದಾರೆ. ನೀವು ಬಂದಾಗ ನಾನು ಕಚ್ಚಿದರೆ ಬೇಜಾರು ಮಾಡಿಕೊಳ್ಳಬೇಡಿ. ಸುಮ್ಮನಿದ್ದರೆ ಮಾಡಿಕೊಳ್ಳಿ.